ಅರ್ಧ ಲೋಟ ಗ್ಲೂಕೋಸ್

ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ. ಮೊನ್ನೆ ಅಲ್ಲಿ ನಮಗೆಲ್ಲ ಸಕ್ಕರೆ ಕಾಯಿಲೆ ಟೆಸ್ಟು, ಅವತ್ತಿಂದ ಕಣ್ಣಮುಂದೆ ಅದೇ. ಆ ಹುಡುಗಿ ಲೋಟ ಹಿಡ್ಕೊಂಡು ಕೈ ತೊಳೆಯೋ ಸಿಂಕ್ ಹತ್ತಿರ ಹೋದಳು, ಆಚೀಚೆ ನೋಡಿದಳು, ಅರ್ಧ ಗ್ಲೂಕೋಸ್ ನೀರು ಸುರಿದು ನಲ್ಲಿ ಬಿಟ್ಟಳು. ತಿರುಗಿದರೆ ನಾನು. ನಕ್ಕಳು. ನಾನೂ ನಕ್ಕೆ.

ಕುಡಿಯೋದು ಕಷ್ಟಾನೇ ಬಿಡಿ. 75 ಗ್ರಾಂ ಪುಡಿ, 300 ಎಂಎಲ್ ನೀರು, ಹತ್ತು ನಿಮಿಷದೊಳಗೆ ಮುಗಿಸಬೇಕು. ಬೆಳಿಗ್ಗೆ ತಿಂದ ಎರಡು ಇಡ್ಲಿ ಗಂಟಲಿಗೇ ಬಂದಿತ್ತು. (ಸರ್ಕಾರಿ ಆಸ್ಪತ್ರೆಯ ಈ ಟೆಸ್ಟಿಗೆ ಖಾಲಿ ಹೊಟ್ಟೆ ಬೇಕಿಲ್ಲ. ನಮ್ಮತ್ತೆ ಇದನ್ನು ಇನ್ನೂ ನಂಬಿಲ್ಲ.) ಅರ್ಧ ಗಂಟೆಯೊಳಗೆ ವಾಂತಿಯಾದರೆ ನಾಳೆ ಮತ್ತೆ ಬರಬೇಕು ಅಂತ ಸಿಸ್ಟರ್ ಹೆದರಿಸಿದ್ದರು ಬೇರೆ. ಆ ಹುಡುಗಿ ಒಂದೂವರೆ ಗಂಟೆ ಬಸ್ಸಲ್ಲಿ ಒಬ್ಬಳೇ ಬಂದವಳು. ಗಂಡನಿಗೆ ಕೆಲಸವಂತೆ. ಎಲ್ಲ ಗಂಡಂದಿರಿಗೂ 9ನೇ ತಾರೀಖೇ ಕೆಲಸ ಬರುತ್ತೆ.

ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿದರು. ರಕ್ತದ ಸಕ್ಕರೆ 140 ಮುಟ್ಟಬಾರದು. ನಂದು 158. ಅವಳು ತಾಯಿ ಕಾರ್ಡ್ ತೋರಿಸಿ, "ಅಕ್ಕ, ನಂದು 112, ನಾರ್ಮಲ್ ಅಂತೆ. ನಿಮ್ದು?" ಅಂದಳು.

"ಒಳ್ಳೇದಾಯ್ತು ಬಿಡಮ್ಮಾ" ಅಂದೆ. ಅಷ್ಟೇ ಅಂದೆ! ಪೂರ್ತಿ ಕುಡಿದಿದ್ದರೂ ಅವಳಿಗೆ ನಾರ್ಮಲ್ಲೇ ಬರ್ತಿತ್ತೇನೋ. ಆದರೆ 24ರಿಂದ 28ನೇ ವಾರದೊಳಗೆ ಮಾಡೋ ಈ ಎರಡನೇ ಟೆಸ್ಟಲ್ಲಿ ನಾರ್ಮಲ್ ಅಂತ ಬರೆದುಬಿಟ್ಟರೆ ಆಮೇಲೆ ಸಾಮಾನ್ಯವಾಗಿ ಯಾರೂ ಮತ್ತೆ ಕರೆಯಲ್ಲ.

ಮನೆಯಲ್ಲಿ ಅತ್ತೆ, "ಸೀಮಂತದಲ್ಲಿ ಹೋಳಿಗೆ ಜಾಸ್ತಿ ತಿಂದಿ" ಅಂದರು. ಬಡಿಸಿದ್ದು ಅವರೇ. ಡಾಕ್ಟರಮ್ಮ ಹೇಳಿದ್ದೇ ಬೇರೆ. ಮಾಸಿನಲ್ಲಿ (ಪ್ಲಾಸೆಂಟಾ ಅಂತಾರಲ್ಲ, ಅದು) ಹುಟ್ಟೋ ಹಾರ್ಮೋನುಗಳು ನಮ್ಮ ಇನ್ಸುಲಿನ್‌ಗೆ ಅಡ್ಡಗಾಲು ಹಾಕುತ್ತವೆ. ಹೆಚ್ಚಿನವರ ದೇಹ ಇನ್ನಷ್ಟು ಇನ್ಸುಲಿನ್ ಮಾಡಿ ಸರಿತೂಗಿಸುತ್ತೆ, ನಂದು ಸಾಲದೆ ಹೋಗಿದೆ. ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತೆ, ನನ್ನ ಇನ್ಸುಲಿನ್ ದಾಟಲ್ಲ. ಹಾಗಾಗಿ ಮಗು ತಾನೇ ಇನ್ಸುಲಿನ್ ಜಾಸ್ತಿ ಮಾಡ್ಕೊಂಡು ದಪ್ಪ ಆಗುತ್ತೆ, ಹುಟ್ಟಿದ ಮೇಲೆ ನನ್ನಿಂದ ಸಕ್ಕರೆ ಬರೋದು ನಿಂತಾಗ ಅದರ ಸಕ್ಕರೆ ದಿಢೀರ್ ಅಂತ ಇಳಿಯಬಹುದು. ಇದನ್ನು ಕೇಳ್ತಾ ಕೂತಿದ್ದಾಗ ನನಗೆ ಕಾಣ್ತಿದ್ದದ್ದು ಆ ಸಿಂಕು.

ನನಗೀಗ ಎರಡು ವಾರ ಪಥ್ಯ. ಮುದ್ದೆ ನಿಂಬೆಹಣ್ಣಿನಷ್ಟು ಅಂತ ಅತ್ತೆ ತೀರ್ಮಾನಿಸಿದ್ದಾರೆ, ಡಾಕ್ಟರ್ ಅಷ್ಟೊಂದು ಕಡಿಮೆ ಹೇಳಿರಲಿಲ್ಲ. ಊಟವಾಗಿ ಎರಡು ಗಂಟೆಗೆ 120ರ ಒಳಗೆ ಬಂದರೆ ಸರಿ, ಇಲ್ಲಾಂದ್ರೆ ಮಾತ್ರೆಯೋ ಇನ್ಸುಲಿನ್ನೋ. ಪರವಾಗಿಲ್ಲ, ನಂದು ಗೊತ್ತಾಯ್ತಲ್ಲ.

ನಿನ್ನೆ ತಡೆಯಲಾರದೆ ಸಿಸ್ಟರ್‌ಗೆ ಫೋನ್ ಮಾಡಿ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ, ಬೈಯಲಿಲ್ಲ.

"ಯಾವ ಹುಡುಗಿನಮ್ಮ? ಅವತ್ತು ನಲವತ್ತು ಜನ ಬಂದಿದ್ರು."

ಹೆಸರೇ ಕೇಳಿರಲಿಲ್ಲ ನಾನು. ಆರು ತಿಂಗಳು, ತೆಳ್ಳಗಿದ್ದಳು, ಕೈತುಂಬ ಹಸಿರು ಬಳೆ ಅಂದೆ.

"ಎಲ್ರೂ ಹಸಿರು ಬಳೆನೇ ಕಣಮ್ಮಾ" ಅಂದರು.