ಮಾವನ ಜೊತೆ ಎರಡು ಸಿನಿಮಾ

ಸಂಗೀತಗಾರರ ಪಕ್ಕ ಕೂತು ಸಂಗೀತದ ಸಿನಿಮಾ ನೋಡುವುದು ಕಷ್ಟದ ಕೆಲಸ. ನಮ್ಮ ಮಾವ ಮೈಸೂರಿನವರು, ಪಿಟೀಲು ನುಡಿಸಿಯೇ ಬದುಕಿದವರು. ಕಛೇರಿಗಳಲ್ಲಿ ಪಕ್ಕವಾದ್ಯ, ಆಕಾಶವಾಣಿಯಲ್ಲಿ ಆಗಾಗ ಕಾರ್ಯಕ್ರಮ. ತೆರೆಯ ಮೇಲೆ ಯಾರಾದರೂ ವಾದ್ಯ ಹಿಡಿದರೆ ಸಾಕು, ಕತೆ ಮರೆತು ಬೆರಳು ನೋಡುತ್ತಾರೆ.

ಮಳೆ ಬಿಡದ ಒಂದು ಭಾನುವಾರ ಅವರನ್ನು ಟಿವಿ ಮುಂದೆ ಕೂರಿಸಿ ‘ದಿ ಸಾಂಗ್ ಆಫ್ ನೇಮ್ಸ್’ ಹಾಕಿದೆ. 2019ರ ಸಿನಿಮಾ, ಫ್ರಾನ್ಸ್ವಾ ಜಿರಾರ್ ನಿರ್ದೇಶನ. ಎರಡನೇ ಮಹಾಯುದ್ಧದ ಹೊತ್ತಿಗೆ ಪೋಲೆಂಡಿನ ಯಹೂದಿ ಹುಡುಗ ಡೋವಿಡ್ಲ್‌ನನ್ನು ಅವನ ಅಪ್ಪ ಲಂಡನ್ನಿನ ಒಂದು ಮನೆಯಲ್ಲಿ ಬಿಟ್ಟು ಹೋಗುತ್ತಾನೆ. ಹುಡುಗ ಪಿಟೀಲು ಹಿಡಿದರೆ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಬೇಕು, ಅಂಥವನು. ಊರಲ್ಲಿ ಉಳಿದ ಮನೆಯವರ ಸುದ್ದಿ ಮಾತ್ರ ಇಲ್ಲ. 1951ರಲ್ಲಿ ಅವನ ಮೊದಲ ದೊಡ್ಡ ಕಛೇರಿ. ಸಭಾಂಗಣ ತುಂಬಿದೆ. ಅವನು ಬರುವುದೇ ಇಲ್ಲ.

"ಈ ಹುಡುಗ ನಿಜವಾಗ್ಲೂ ನುಡಿಸೋನು ಕಣೇ, ಎಡಗೈ ನೋಡು" ಅಂದರು ಮಾವ. ಸರಿಯಾಗೇ ಹಿಡಿದಿದ್ದರು. ಆ ಪಾತ್ರ ಮಾಡಿದ ಲ್ಯೂಕ್ ಡಾಯ್ಲ್ ಪಿಟೀಲು ಕಲಿತವನೇ. ದೊಡ್ಡ ಡೋವಿಡ್ಲ್ ಆದ ನಟರ ಮೇಲೆ ಅವರಿಗೆ ಅಷ್ಟು ದಯೆ ಬರಲಿಲ್ಲ. ಕೇಳಿಸ್ತಿರೋದು ರೇ ಚೆನ್ ನುಡಿಸಿದ್ದು ಅಂದೆ. "ಹಾಗಾದ್ರೆ ಕಣ್ಣು ಮುಚ್ಕೊಂಡು ಕೇಳ್ತೀನಿ ಬಿಡು."

ಆ ರಾತ್ರಿ ಏನಾಯಿತು ಅನ್ನೋದು ಕೊನೆಗೆ ಗೊತ್ತಾಗುತ್ತದೆ. ಪೋಲೆಂಡಿನಲ್ಲಿದ್ದ ನಾಜಿಗಳ ಕೊಲೆಶಿಬಿರ ಟ್ರೆಬ್ಲಿಂಕಾದಲ್ಲಿ ಸತ್ತವರ ಹೆಸರುಗಳನ್ನು ರಾಗಕ್ಕೆ ಕೂರಿಸಿ ಬಾಯಿಪಾಠ ಮಾಡಿ ಉಳಿಸಿಕೊಂಡಿರುತ್ತಾರೆ. ಲಂಡನ್ನಿನ ಒಂದು ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಅದನ್ನು ಹಾಡುವಾಗ ಡೋವಿಡ್ಲ್‌ಗೆ ತನ್ನ ಮನೆಯವರ ಹೆಸರೇ ಕೇಳಿಸುತ್ತದೆ. ಈ ಹಾಡು ಕಲ್ಪನೆ, ಸಂಗೀತ ಹೊವರ್ಡ್ ಶೋರ್ ಅವರದು. ಆದರೆ ಹೆಸರುಗಳು ಕಳೆದುಹೋಗಿದ್ದು ಕಲ್ಪನೆಯಲ್ಲ. ಅಲ್ಲಿ ರೈಲಿನಿಂದ ಇಳಿದವರ ಹೆಸರನ್ನು ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಹೆಚ್ಚಿನವರನ್ನು ಕೆಲವೇ ಗಂಟೆಗಳಲ್ಲಿ ಕೊಂದುಬಿಡುತ್ತಿದ್ದರು. 1942 ಮತ್ತು 1943ರಲ್ಲಿ ಸುಮಾರು ಎಂಟರಿಂದ ಒಂಬತ್ತು ಲಕ್ಷ ಜನ ಹೀಗೆ ಹೋದರು. ಈಗ ಆ ಜಾಗದಲ್ಲಿ ಸುಮಾರು 17,000 ಕಲ್ಲುಗಳಿವೆ. ಕೆಲವದರ ಮೇಲೆ ಊರಿನ ಹೆಸರಿದೆ. ಮನುಷ್ಯನ ಹೆಸರಿರುವುದು ಒಂದರ ಮೇಲೆ ಮಾತ್ರ, ತನ್ನ ಅನಾಥಾಶ್ರಮದ ಮಕ್ಕಳ ಜೊತೆ ತಾನೂ ಹೋದ ಯಾನುಷ್ ಕೋರ್ಚಾಕ್ ಅವರದು.

ಊಟ ಮುಗಿಸಿ ‘ದಿ ಪಿಯಾನಿಸ್ಟ್’ ಹಾಕಿದೆವು. ಇದರ ನಿರ್ದೇಶಕ ಪೊಲಾನ್ಸ್ಕಿ ಹೆಸರು ಕೇಳಿದರೆ ಅಪ್ರಾಪ್ತ ಹುಡುಗಿಯ ಮೇಲಿನ ಲೈಂಗಿಕ ಅಪರಾಧದ 1977ರ ಕೇಸು ನೆನಪಾಗಿ ನನಗೆ ಮುಜುಗರವಾಗುತ್ತದೆ. ಆದರೂ ಯಹೂದಿಗಳನ್ನು ಕೂಡಿಹಾಕಿದ್ದ ಕ್ರಾಕೋವ್‌ನ ಘೆಟ್ಟೊದಲ್ಲಿ ಬಾಲ್ಯ ಕಳೆದು, ಆಶ್‌ವಿಟ್ಸ್ ಶಿಬಿರದಲ್ಲಿ ತಾಯಿಯನ್ನು ಕಳೆದುಕೊಂಡವರು ತೆಗೆದ ಸಿನಿಮಾ ಇದು. ಅದು ಪ್ರತಿ ಸೀನಿನಲ್ಲೂ ಗೊತ್ತಾಗುತ್ತದೆ.

1939ರ ಸೆಪ್ಟೆಂಬರ್ 23. ವಾರ್ಸಾ ರೇಡಿಯೊದಲ್ಲಿ ಕತೆಯ ನಾಯಕ, ನಿಜವಾಗಿಯೂ ಬದುಕಿದ್ದ ಯಹೂದಿ ಪಿಯಾನೊ ವಾದಕ ಸ್ಪಿಲ್ಮನ್, ಸಂಗೀತಗಾರ ಶೋಪೆನ್‌ನ ಕೃತಿ ನುಡಿಸುತ್ತಿದ್ದಾರೆ, ಹೊರಗೆ ಬಾಂಬು. ಮಾವ ನೆಟ್ಟಗೆ ಕೂತರು. "ಕೆಂಪು ದೀಪ ಹತ್ತಿದ ಮೇಲೆ ಕೆಮ್ಮೋದಕ್ಕೂ ನಾವು ಹೆದರ್ತಿದ್ವಿ." ಆಗ ಹೇಳಿದೆ, ನಮ್ಮ ಆಕಾಶವಾಣಿಯ ಆ ಬೆಳಗಿನ ಟ್ಯೂನ್ ಮಾಡಿದ ವಾಲ್ಟರ್ ಕೌಫ್ಮನ್ ಕೂಡ ಹಿಟ್ಲರ್ ಕಾಲದಲ್ಲಿ ಯುರೋಪು ಬಿಟ್ಟು 1934ರಲ್ಲಿ ಮುಂಬೈಗೆ ಬಂದ ಯಹೂದಿ ಅಂತ. ಅಷ್ಟು ವರ್ಷ ಆ ಟ್ಯೂನ್ ಕೇಳಿಕೊಂಡೇ ಸ್ಟುಡಿಯೊಗೆ ಹೋದವರಿಗೆ ಇದು ಗೊತ್ತಿರಲಿಲ್ಲ. "ನಿಲ್ಸು, ನಿಲ್ಸು" ಅಂತ ಸಿನಿಮಾ ನಿಲ್ಲಿಸಿ ಎರಡೆರಡು ಸಲ ಕೇಳಿದರು.

1942ರ ಆಗಸ್ಟ್. ವಾರ್ಸಾದ ಯಹೂದಿಗಳನ್ನು ಸಾಗಿಸುವ ರೈಲಿಗೆ ಕಾಯುವ ಬಯಲಿನಲ್ಲಿ ಒಬ್ಬ ಹುಡುಗ ಮಿಠಾಯಿ ಮಾರುತ್ತಿದ್ದಾನೆ. ಸ್ಪಿಲ್ಮನ್ ಮನೆಯವರು ಉಳಿದ ಚಿಲ್ಲರೆ ಒಟ್ಟು ಮಾಡಿ 20 ಜ್ಲಾಟಿಗೆ ಒಂದೇ ಒಂದು ಕ್ಯಾರಮೆಲ್ ಕೊಳ್ಳುತ್ತಾರೆ. ಅಪ್ಪ ಸಣ್ಣ ಚಾಕುವಿನಿಂದ ಅದನ್ನು ಆರು ತುಂಡು ಮಾಡುತ್ತಾನೆ. ಎಲ್ಲರೂ ತಮ್ಮ ತಮ್ಮ ಚೂರು ಬಾಯಿಗಿಟ್ಟುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಐದು ಜನ ರೈಲು ಹತ್ತುತ್ತಾರೆ, ಒಬ್ಬ ಪೊಲೀಸಿನವ ಸ್ಪಿಲ್ಮನ್‌ರನ್ನು ಸಾಲಿನಿಂದ ಎಳೆದುಬಿಡುತ್ತಾನೆ.

"ಈ ರೈಲೂ ಅಲ್ಲಿಗೇನಾ?" ಅಂದರು ಮಾವ.

"ಹೂಂ, ಟ್ರೆಬ್ಲಿಂಕಾಗೇ."

ಆಮೇಲೆ ಅಡಗಿ ಕೂತ ಮನೆಯಲ್ಲಿ ಒಂದು ಪಿಯಾನೊ ಇರುತ್ತದೆ. ಸದ್ದು ಮಾಡಿದರೆ ಸಿಕ್ಕಿಬೀಳುತ್ತಾರೆ. ಸ್ಪಿಲ್ಮನ್ ಕೀಗಳಿಗೆ ತಾಗಿಸದೆ ಗಾಳಿಯಲ್ಲೇ ಬೆರಳಾಡಿಸುತ್ತಾರೆ. ಮಾವ ಇಡೀ ದಿನದಲ್ಲಿ ತಪ್ಪು ಹಿಡಿಯದ ದೃಶ್ಯ ಇದೊಂದೇ. ನನಗೂ ಎರಡೂ ಸಿನಿಮಾಗಳಲ್ಲಿ ಇದೇ ಹೆಚ್ಚು. ಜರ್ಮನ್ ಅಧಿಕಾರಿ ಹೋಸನ್‌ಫೆಲ್ಡ್ ಮುಂದೆ ನುಡಿಸುವ ದೊಡ್ಡ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ. ಸ್ಪಿಲ್ಮನ್ ಬರೆದುಕೊಂಡ ಪ್ರಕಾರ ಅಂದು ನುಡಿಸಿದ್ದು ನಾಕ್ಟರ್ನ್ ಅನ್ನುವ ಪುಟ್ಟ ಮೆಲುದನಿಯ ಕೃತಿ, ಅದೂ ಶ್ರುತಿ ಕೆಟ್ಟ ಪಿಯಾನೊದಲ್ಲಿ. ಸಿನಿಮಾದಲ್ಲಿ ಅದು ಅಬ್ಬರದ ಬ್ಯಾಲಡ್ ಆಗಿದೆ. ಇದು ಸ್ವಲ್ಪ ಜಾಸ್ತಿಯಾಯ್ತು ಅನ್ನಿಸಿತು.

ಕಾಫಿ ಕುಡಿಯುತ್ತಾ ಜಗಳ ಶುರುವಾಯಿತು. ಸ್ಪಿಲ್ಮನ್ 1945ರಲ್ಲಿ ಅದೇ ರೇಡಿಯೊಗೆ ಹೋಗಿ ನುಡಿಸಿದರಲ್ಲ, ಡೋವಿಡ್ಲ್‌ಗೆ ಏನಾಗಿತ್ತು ಅನ್ನೋದು ಮಾವನ ವಾದ. ಅಪ್ಪ ಅಮ್ಮನ ಹೆಸರನ್ನು ಅಂಥ ಪಟ್ಟಿಯಲ್ಲಿ ಕೇಳಿ ಬಂದವನು ಹೇಗೆ ಚಪ್ಪಾಳೆಗೆ ತಲೆಬಾಗಬೇಕು ಅಂತ ನಾನು. ಇಬ್ಬರೂ ಸೋಲಲಿಲ್ಲ. ಮೊನ್ನೆ ಫೋನ್ ಮಾಡಿದಾಗಲೂ ಅದೇ ಮಾತು. "ನುಡಿಸೋದು ಬೇಡ ಕಣೇ, ಒಪ್ಕೊಂಡೆ. ಆದ್ರೆ ಮನೇಲಿಟ್ಕೊಂಡು ಸಾಕಿದ ಆ ಮನುಷ್ಯ ಹಾಲ್‌ನಲ್ಲಿ ಕಾಯ್ತಾ ಇದ್ದ. ಬಂದು ಒಂದು ಮಾತು ಹೇಳೋಕೇನಾಗಿತ್ತು?"