ಅಮ್ಮನಿಗೆ ಹೇಳಿದ ಪೋಲೆಂಡಿನ ಕಥೆ

ಹೋದ ಮಳೆಗಾಲದಲ್ಲಿ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ನಾನು ಬೆಂಗಳೂರಿನಿಂದ ಹತ್ತು ದಿನ ರಜೆ ಹಾಕಿ ಸಾಗರದ ಹತ್ತಿರದ ನಮ್ಮ ಊರಿಗೆ ಹೋದೆ. ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಒಂದು ವಾರ ಓದಬಾರದು, ಟಿವಿ ನೋಡಬಾರದು, ಬಗ್ಗಿ ಕೆಲಸ ಮಾಡಬಾರದು, ಒಲೆಯ ಮುಂದೆ ಕೂರಬಾರದು. ದಿನಕ್ಕೆ ಆರು ಸಲ ಕಣ್ಣಿಗೆ ಹನಿ. ನಮ್ಮಮ್ಮ ಕೈಗೆ ಸಿಕ್ಕಿದ್ದನ್ನೆಲ್ಲ ಓದುವವಳು. ದಿನಸಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ, ಓದಿ, ಆಮೇಲೆ ಮಡಿಸಿಡುತ್ತಾಳೆ. ಕಪ್ಪು ಕನ್ನಡಕ ಹಾಕಿಕೊಂಡು ಸುಮ್ನೆ ಕೂರುವುದು ಅವಳಿಗೆ ತುಂಬಾ ಕಷ್ಟವಾಗುತ್ತಿತ್ತು.

ಎರಡನೇ ದಿನ ಸಂಜೆ. ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಕರೆಂಟ್ ಬೆಳಗ್ಗೆಯೇ ಹೋಗಿತ್ತು. ನಾನು ಜಗಲಿಯಲ್ಲಿ ಚಾರ್ಜರ್ ಲೈಟ್ ಇಟ್ಟುಕೊಂಡು ಪುಸ್ತಕ ಹಿಡಿದು ಕೂತಿದ್ದೆ. ಪುಟ ತಿರುಗಿಸಿದ ಸದ್ದು ಅಮ್ಮನಿಗೆ ಕೇಳಿಸಿತು.

“ಎಂತದು ಓದ್ತಿರೋದು?”

“ಪೋಲೆಂಡಿನ ಪುಸ್ತಕ ಅಮ್ಮ. ಇಂಗ್ಲಿಷಿನಲ್ಲಿದೆ. ದೆವ್ವ, ರಾಕ್ಷಸರನ್ನ ಹೊಡೆಯೋ ಒಬ್ಬನ ಕಥೆ.”

“ಅಂಥಾ ಕಥೇನ ಒಬ್ಬಳೇ ಓದ್ಕೊಂಡು ಕೂರ್ತಾರಾ ಮಾರಾಯ್ತಿ? ಹೇಳು, ನಾನೂ ಕೇಳ್ತೀನಿ.”

‘ದಿ ವಿಚರ್’ ಎಂಬ ಸರಣಿಯ ಈ ಪುಸ್ತಕಗಳನ್ನು ನಾನು ಶುರು ಮಾಡಿದ್ದೇ ನಡುವಿನಿಂದ. 2012ರಲ್ಲಿ ಬೆಂಗಳೂರಿನ ಒಂದು ಹಳೆ ಪುಸ್ತಕದಂಗಡಿಯಲ್ಲಿ ‘ಬ್ಲಡ್ ಆಫ್ ಎಲ್ವ್ಸ್’ ಕಣ್ಣಿಗೆ ಬಿತ್ತು. ಇದಕ್ಕೆ ಮುಂಚೆ ಎರಡು ಪುಸ್ತಕಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಶುರುವಿನಲ್ಲೇ ಸಿರಿ ಎಂಬ ಹುಡುಗಿ, ತನ್ನ ಊರು ಹೊತ್ತಿ ಉರಿಯುವ ಕನಸು ಕಂಡು ಚೀರಿ ಏಳುತ್ತಾಳೆ. ಪಕ್ಕದಲ್ಲಿ ಆ ರಾಕ್ಷಸರನ್ನು ಹೊಡೆಯುವವನು, ಬಿಳಿ ಕೂದಲಿನ ಗೆರಾಲ್ಟ್ ಇದ್ದಾನೆ. ಇವಳು ಅವನ ಮಗಳಲ್ಲ, ಆದರೂ ಮಗಳ ಹಾಗೆ ನೋಡಿಕೊಳ್ಳುತ್ತಾನೆ. ಯಾಕೆ? ಎಲ್ಲಿ ಸಿಕ್ಕಳು? ಅರವತ್ತು ಪುಟ ಓದಿ ಬಿಟ್ಟುಬಿಟ್ಟೆ. ಆಮೇಲೆ ತಿಳಿಯಿತು, ಇವರಿಬ್ಬರು ಭೇಟಿಯಾಗುವ ಕಥೆಗಳಿರುವ ‘ಸೋರ್ಡ್ ಆಫ್ ಡೆಸ್ಟಿನಿ’ ಪೋಲಿಷ್‌ನಲ್ಲಿ 1992ರಲ್ಲೇ ಬಂದಿತ್ತು, ಇಂಗ್ಲಿಷಿಗೆ ಬಂದದ್ದು 2015ರಲ್ಲಿ. ಅದಾದ ಮೇಲಿನ ಕಥೆ ಹೇಳುವ ‘ಬ್ಲಡ್ ಆಫ್ ಎಲ್ವ್ಸ್’ 2008ಕ್ಕೇ ಇಂಗ್ಲಿಷಿಗೆ ಬಂದಾಗಿತ್ತು. ಅಂದರೆ ಅಷ್ಟು ವರ್ಷ ಇಂಗ್ಲಿಷ್ ಓದುಗರಿಗೆಲ್ಲ ಕಥೆಯ ಆ ತುಂಡೇ ಇರಲಿಲ್ಲ. ನನಗಂತೂ ಇದು ತುಂಬಾ ಬೇಸರದ ವಿಷಯ. ಇಡೀ ಕಥೆಯ ಜೀವ ಇರುವುದೇ ಆ ಭೇಟಿಯಲ್ಲಿ.

2020ರಲ್ಲಿ ಗೆಳತಿಯೊಬ್ಬಳು ಮೊದಲನೇ ಪುಸ್ತಕ ‘ದಿ ಲಾಸ್ಟ್ ವಿಶ್’ ಕೊಟ್ಟಳು. ಅದು ಕಪಾಟಿನಲ್ಲೇ ಉಳಿದಿತ್ತು. ಊರಿಗೆ ಹೊರಡುವಾಗ ಬ್ಯಾಗಿಗೆ ಹಾಕಿಕೊಂಡಿದ್ದು ಅದನ್ನೇ.

ಬರೆದವರು ಆಂಜೆಯ್ ಸಪ್ಕೋವ್‌ಸ್ಕಿ. ಹುಟ್ಟಿದ್ದು 1948ರಲ್ಲಿ, ಪೋಲೆಂಡಿನ ವೂಚ್ ನಗರದಲ್ಲಿ. ವಿದೇಶ ವ್ಯಾಪಾರದ ಕಂಪನಿಯಲ್ಲಿ ಕೆಲಸಕ್ಕಿದ್ದರು. ‘ಫಂಟಾಸ್ಟಿಕಾ’ ಎಂಬ ಪತ್ರಿಕೆಯ ಸ್ಪರ್ಧೆಗೆ ಒಂದು ಕಥೆ ಕಳಿಸಿದರು. ಅದು ಮೂರನೇ ಸ್ಥಾನ ಪಡೆದು 1986ರ ಡಿಸೆಂಬರ್‌ನಲ್ಲಿ ಅಚ್ಚಾಯಿತು. ಆಮೇಲಿನ ಪುಸ್ತಕಗಳು, ಗೇಮ್, ಟಿವಿ ಸರಣಿ ಎಲ್ಲ ಹುಟ್ಟಿದ್ದು ಆ ಒಂದು ಕಥೆಯಿಂದ. ನಾನು ಅಮ್ಮನಿಗೆ ಮೊದಲು ಹೇಳಿದ್ದೂ ಅದನ್ನೇ.

ಹೇಳಲು ಹೊರಟ ಕೂಡಲೇ ಮೊದಲ ಪದಕ್ಕೇ ನಿಂತೆ. ‘ವಿಚರ್’ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನುವುದು? ಮಾಟಗಾರ ಅಂದರೆ ಕೆಟ್ಟವನಾಗುತ್ತಾನೆ. ಮಂತ್ರವಾದಿ ಅಂದರೆ ನಿಂಬೆಹಣ್ಣು, ಕುಂಕುಮ ಕಣ್ಣಿಗೆ ಬರುತ್ತದೆ. ಬೇಟೆಗಾರ ಅಂದರೆ ಸಾಲದು. “ಅಮ್ಮ, ಅವನು ಎಂಥವನು ಅಂದ್ರೆ, ಯಾವ ಪಿಶಾಚಿ ಎಲ್ಲಿರುತ್ತೆ, ಯಾವುದಕ್ಕೆ ಹೆದರುತ್ತೆ, ಯಾವ ಬೇರು ಕುಡಿದರೆ ಕತ್ತಲಲ್ಲಿ ಕಣ್ಣು ಕಾಣುತ್ತೆ, ಎಲ್ಲ ಗೊತ್ತಿರೋನು. ಚಿಕ್ಕ ಮಗುವಾಗಿದ್ದಾಗಲೇ ತಂದು ಅದನ್ನೆಲ್ಲ ಕಲಿಸಿ ತಯಾರು ಮಾಡಿರ್ತಾರೆ. ಊರೂರು ತಿರುಗಿ, ಕಾಟ ಕೊಡೋದನ್ನ ಹೊಡೆದು ದುಡ್ಡು ತಗೋತಾನೆ. ಜನ ಕರೀತಾರೆ, ಕೆಲಸ ಆದಮೇಲೆ ಮನೆಯೊಳಗೆ ಸೇರಿಸಲ್ಲ” ಎಂದು ವಿವರಿಸಿದೆ.

“ಓ, ಬಲ್ಲವನು” ಅಂದಳು ಅಮ್ಮ. “ಹಾವು ಕಚ್ಚಿದ್ರೆ ಹಿಂದೆ ಕರೆಸ್ತಿದ್ರಲ್ಲ. ‘ಬಲ್ಲವರನ್ನ ಕರ್ಕೊಂಡು ಬನ್ನಿ’ ಅಂತಿದ್ರು.”

ಅಲ್ಲಿಂದ ಗೆರಾಲ್ಟ್ ನಮ್ಮನೆಯಲ್ಲಿ ಬಲ್ಲವನೇ ಆದ. ತಿಂಗಳ ನಂತರ ಪೋಲೆಂಡಿನ ಒಬ್ಬ ಸಹೋದ್ಯೋಗಿಗೆ ಇದನ್ನು ಹೇಳಿದೆ. ಅವರು ಒಂದು ಕ್ಷಣ ಮಾತೇ ಆಡಲಿಲ್ಲ. ಮೂಲದಲ್ಲಿ ಅವನು ‘ವ್ಯೆಜ್ಮಿನ್’. ಮಾಟಗಾತಿಗೆ ಪೋಲಿಷ್‌ನಲ್ಲಿ ‘ವ್ಯೆಜ್ಮಾ’ ಅನ್ನುತ್ತಾರೆ, ಅದರ ಗಂಡು ರೂಪವಾಗಿ ಸಪ್ಕೋವ್‌ಸ್ಕಿ ಕಟ್ಟಿದ ಪದ ಅದು. ಆ ‘ವ್ಯೆಜ್ಮಾ’ ಬಂದಿರುವುದು ‘ತಿಳಿ’ ಎಂಬ ಅರ್ಥದ ಧಾತುವಿನಿಂದ. ಸಂಸ್ಕೃತದ ವಿದ್, ವೇದ ಇದರ ಅಕ್ಕತಂಗಿಯರು. ಇಂಗ್ಲಿಷಿನ ‘ವಿಚರ್’ನಲ್ಲಿ ಆ ತಿಳಿವಳಿಕೆ ಕಾಣುವುದಿಲ್ಲ. ಇಂಗ್ಲಿಷೂ ಪೋಲಿಷೂ ಬಾರದ ಅಮ್ಮ ನೇರ ಮೂಲಕ್ಕೇ ಕೈ ಹಾಕಿದ್ದಳು.

ಆ ಮೊದಲ ಕಥೆಯಲ್ಲಿ ಫೋಲ್ಟೆಸ್ಟ್ ಎಂಬ ರಾಜ. ಅವನಿಗೆ ತನ್ನ ಸ್ವಂತ ತಂಗಿಯಲ್ಲಿ ಹುಟ್ಟಿದ ಮಗು ತಾಯಿಯ ಜೊತೆಗೇ ಸತ್ತು, ಅವಳ ಜೊತೆಗೇ ಸಮಾಧಿಯಾಗಿರುತ್ತದೆ. ಏಳು ವರ್ಷದ ಮೇಲೆ ಅದು ಸ್ಟ್ರಿಗಾ ಎಂಬ ರಾಕ್ಷಸಿಯಾಗಿ ಎದ್ದು ಜನರನ್ನು ತಿನ್ನತೊಡಗುತ್ತದೆ. ಕೊಂದರೆ ಸುಲಭ. ಆದರೆ ಶಾಪ ಬಿಡಿಸಬೇಕೆಂದರೆ ಅದು ಬೆಳಗಿನ ಕೋಳಿ ಕೂಗುವಷ್ಟರಲ್ಲಿ ತನ್ನ ಶವಪೆಟ್ಟಿಗೆಗೆ ಮರಳದಂತೆ ತಡೆಯಬೇಕು. ಬಲ್ಲವನು ಆ ಪೆಟ್ಟಿಗೆಯೊಳಗೆ ತಾನೇ ಹೋಗಿ ಮಲಗಿ ಮುಚ್ಚಳ ಎಳೆದುಕೊಳ್ಳುತ್ತಾನೆ. ನಾನು ಓದುವಾಗ ಇದನ್ನು ಜಾಣತನದ ಹೋರಾಟ ಎಂದುಕೊಂಡಿದ್ದೆ. ಅಮ್ಮನ ಯೋಚನೆ ಬೇರೆಯೇ ಇತ್ತು. “ಅಪ್ಪ ಅಮ್ಮ ಮಾಡಿದ್ದಕ್ಕೆ ಆ ಮಗು ಎಷ್ಟು ವರ್ಷ ಅನುಭವಿಸ್ತು ನೋಡು. ಅವನು ಕೊಲ್ಲದೇ ಇದ್ದಿದ್ದು ಒಳ್ಳೇದಾಯ್ತು.” ಸ್ವಲ್ಪ ಹೊತ್ತು ಬಿಟ್ಟು, “ಚಿಕ್ಕ ಮಗು ಇದ್ದಾಗಲೇ ಅವನನ್ನ ತಂದ್ರು ಅಂದ್ಯಲ್ಲ, ಅವನ ತಾಯಿ ಎಲ್ಲಿದ್ಲು?” ಅಂತ ಕೇಳಿದಳು.

ಅದಕ್ಕೆ ಉತ್ತರ ಆ ಪುಸ್ತಕದಲ್ಲಿ ಇರಲಿಲ್ಲ.

ದಿನವೂ ಸಂಜೆ ಒಂದು ಕಥೆ ಎಂದಾಯಿತು. ಮಧ್ಯಾಹ್ನ ನಾನು ಓದಿಕೊಳ್ಳುತ್ತಿದ್ದೆ, ರಾತ್ರಿ ಊಟಕ್ಕೆ ಮುಂಚೆ ಹೇಳುತ್ತಿದ್ದೆ. ಮೂರನೇ ಕಥೆಯಲ್ಲಿ ರೆನ್‌ಫ್ರಿ ಎಂಬ ರಾಜಕುಮಾರಿ ಬಂದಳು. ಮಲತಾಯಿ, ಕಾಡಿಗೆ ಕಳಿಸಿದ ಬೇಟೆಗಾರ, ಏಳು ಕುಳ್ಳರು. ಸ್ನೋ ವೈಟ್ ಕಥೆಯನ್ನು ಸಪ್ಕೋವ್‌ಸ್ಕಿ ಕಪ್ಪಾಗಿ ತಿರುಗಿಸಿದ್ದಾರೆ ಎಂದು ನಾನು ಉತ್ಸಾಹದಿಂದ ಹೇಳಿದೆ. ಅಮ್ಮನಿಗೆ ಸ್ನೋ ವೈಟ್ ಗೊತ್ತಿಲ್ಲ. ಅವಳು ಹಿಡಿದುಕೊಂಡದ್ದು ಇನ್ನೊಂದನ್ನು. ರೆನ್‌ಫ್ರಿ ಹುಟ್ಟಿದ್ದು ಗ್ರಹಣದ ಹೊತ್ತಿನಲ್ಲಿ. ಅಂಥ ಹೆಣ್ಣುಮಕ್ಕಳು ಕೇಡು ತರುತ್ತಾರೆಂದು ಒಬ್ಬ ಮಾಂತ್ರಿಕ ಅವರನ್ನೆಲ್ಲ ಕೂಡಿಹಾಕುತ್ತಾನೆ, ಕೊಯ್ದು ನೋಡುತ್ತಾನೆ. “ಗ್ರಹಣದಲ್ಲಿ ಹುಟ್ಟಿದ್ದಕ್ಕಾ?” ಎಂದು ಅಮ್ಮ ಎದ್ದೇ ಕೂತಳು. ನಾನು ಹೊಟ್ಟೆಯಲ್ಲಿದ್ದಾಗ ಗ್ರಹಣ ಹಿಡಿದ ದಿನ ಅಜ್ಜಿ ತನ್ನನ್ನು ಕತ್ತಲ ಕೋಣೆಯಿಂದ ಹೊರಗೇ ಬಿಡದೆ, ನೀರನ್ನೂ ಕೊಡದೆ ಕೂರಿಸಿದ್ದನ್ನು ಆ ರಾತ್ರಿ ಹೇಳಿದಳು. ನನಗೆ ಅದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ರಾಣಿ ಕಲಾಂತೆಯ ಮನೆಯ ಔತಣದ ಕಥೆಯನ್ನು ಮುಗಿಸಲು ಅವಳು ನನ್ನನ್ನು ಬಿಡಲೇ ಇಲ್ಲ. ರಾಜನ ಜೀವ ಉಳಿಸಿದವನು ಒಂದು ಬೇಡಿಕೆ ಇಡುತ್ತಾನೆ, ನಿನಗೇ ಗೊತ್ತಿಲ್ಲದೆ ನಿನ್ನ ಮನೆಯಲ್ಲಿ ಏನಿದೆಯೋ ಅದನ್ನು ಕೊಡು ಅಂತ. ನಾನು ಕುತೂಹಲ ಹುಟ್ಟಿಸಲೆಂದು ಮಾತು ನಿಲ್ಲಿಸಿದೆ. “ಹೆಂಡತಿ ಬಸುರಿ ಇರ್ತಾಳೆ, ಇನ್ನೆಂತದು!” ಅಂದಳು ಅಮ್ಮ. ಕೊನೆಗೆ ಗೆರಾಲ್ಟನೂ ಅದೇ ಮಾತು ಕೇಳಿ, ಹುಟ್ಟದ ಮಗುವಿಗೆ ತಾನೇ ಕಟ್ಟುಬಿದ್ದಾಗ ಅವಳಿಗೆ ನಗು ತಡೆಯಲಿಲ್ಲ. ಆ ಮಗುವೇ ಸಿರಿ. “ಸಿರಿ ಅಂದ್ರೆ ನಮ್ಮ ಹೆಸರೇ ಅಲ್ವಾ” ಎಂದು ಖುಷಿಪಟ್ಟಳು.

ಆದರೆ ನಾನು ಇದನ್ನು ಬರೆಯಲು ಕೂತಿದ್ದು ಐದನೇ ದಿನದ ಸಲುವಾಗಿ.

ಆವತ್ತಿನ ಕಥೆ ‘ದಿ ಎಡ್ಜ್ ಆಫ್ ದಿ ವರ್ಲ್ಡ್’. ಓದುವಾಗ ಅಷ್ಟೇನೂ ಹಿಡಿಸಿರಲಿಲ್ಲ, ಬೇಗ ಹೇಳಿ ಮುಗಿಸೋಣ ಎಂದುಕೊಂಡಿದ್ದೆ. ಒಂದು ಕಣಿವೆ, ಅಲ್ಲಿನ ಹೊಲಗಳಲ್ಲಿ ಆಡಿನ ಕಾಲಿನ, ಕೊಂಬಿರುವ ಒಂದು ದೆವ್ವ. ಅದು ರೈತರಿಗೆ ಕೀಟಲೆ ಮಾಡುತ್ತದೆ, ಬೆಳೆ ಕದಿಯುತ್ತದೆ. ಕದ್ದದ್ದನ್ನು ಕೊಡುವುದು ಬೆಟ್ಟದ ಮೇಲಿನ ಎಲ್ಫ್ ಎಂಬ ಜನಾಂಗದವರಿಗೆ. ಕಣಿವೆ ಮೊದಲು ಅವರದಾಗಿತ್ತು. ಮನುಷ್ಯರು ಬಂದು ನೆಲೆಯೂರಿದ ಮೇಲೆ ಬೆಟ್ಟ ಸೇರಿದ್ದಾರೆ, ಉಪವಾಸ ಬೀಳುತ್ತಿದ್ದಾರೆ. ಉತ್ತುವುದು, ಬಿತ್ತುವುದು ಅವರಿಗೆ ಗೊತ್ತಿಲ್ಲ. ಅದಕ್ಕೇ ಬೀಜ ಬೇಕು. ಮನುಷ್ಯರ ಜೊತೆ ಹೊಂದಿಕೊಂಡು ಬಾಳಿ ಎಂದು ಗೆರಾಲ್ಟ್ ಹೇಳಿದರೆ, ಅವರ ಒಡೆಯ ಫಿಲವಾಂಡ್ರೆಲ್ ಒಪ್ಪುವುದಿಲ್ಲ. ನಮ್ಮದೇ ನೆಲದಲ್ಲಿ ನಿಮ್ಮ ಷರತ್ತಿಗೆ ತಲೆಬಾಗಿ ಇರುವುದಾ, ಅಂತ.

ಇಷ್ಟು ಹೇಳುವಷ್ಟರಲ್ಲಿ ಅಮ್ಮ ‘ಹೂಂ’ ಅನ್ನುವುದನ್ನು ನಿಲ್ಲಿಸಿದ್ದಳು. ನಿದ್ದೆ ಬಂತೇನೋ ಎಂದು ನೋಡಿದೆ. ಕನ್ನಡಕದ ಕೆಳಗೆ ಕೆನ್ನೆ ಒದ್ದೆಯಾಗಿತ್ತು. ಹೊಸ ಆಪರೇಷನ್ ಆದ ಕಣ್ಣು, ನನಗೆ ಗಾಬರಿಯಾಯಿತು.

ಅಮ್ಮನ ತವರು ಶರಾವತಿ ದಂಡೆಯ ಹಳ್ಳಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅವಳಿಗೆ ಆಗ ಒಂಬತ್ತು ವರ್ಷ. ನಮ್ಮ ಕಡೆ ಅದಕ್ಕೆ ಮುಳುಗಡೆ ಅಂತಲೇ ಹೆಸರು. ತವರು ಮುಳುಗಿದ್ದು ನನಗೆ ಗೊತ್ತಿತ್ತು, ಆದರೆ ಗೊತ್ತಿದ್ದದ್ದು ಅಷ್ಟೇ. ಆವತ್ತು ಅವಳು ಹೇಳಿದ್ದು ಬೀಜದ ವಿಷಯ. ಲಾರಿ ಬಂದು ನಿಂತಾಗ ಗಂಡಸರೆಲ್ಲ ಮನೆಯ ಹೆಂಚು, ತೊಲೆ ಇಳಿಸುತ್ತಿದ್ದರಂತೆ. ಅಜ್ಜಿ ಮಾತ್ರ ಅಟ್ಟ ಹತ್ತಿ, ಬೂದಿ ಬೆರೆಸಿ ಸೋರೆಬುರುಡೆಯಲ್ಲಿ ಇಟ್ಟಿದ್ದ ಸೌತೆ, ಹೀರೆ, ಅವರೆ ಬೀಜಗಳನ್ನೆಲ್ಲ ಸೀರೆಯಲ್ಲಿ ಗಂಟು ಕಟ್ಟಿಕೊಂಡು ಬಂದಳಂತೆ. ದಾರಿಯುದ್ದಕ್ಕೂ ಆ ಗಂಟನ್ನು ಮಡಿಲಿನಿಂದ ಕೆಳಗಿಡಲಿಲ್ಲ. ಶಿವಮೊಗ್ಗದ ಆಚೆ ಕೊಟ್ಟ ಜಾಗದಲ್ಲಿ ಮಣ್ಣು ಬೇರೆ, ಮಳೆ ಕಡಿಮೆ. ಮೊದಲ ವರ್ಷ ಅರ್ಧ ಬೀಜ ಹುಟ್ಟಲೇ ಇಲ್ಲ.

“ಹೋದಲ್ಲಿ ಜನ ಒಳ್ಳೆಯವರೇ ಇದ್ರು. ಆದ್ರೂ ‘ಮುಳುಗಡೆಯವರು’ ಅಂತಲೇ ಕರೀತಿದ್ರು. ಮದುವೆಯಾಗಿ ಬರೋತನಕ ನಂಗೂ ಅದೇ ಹೆಸರು. ಅವನು ಯಾರೋ ಹೇಳ್ದನಲ್ಲ, ನಿಮ್ಮ ಷರತ್ತಿಗೆ ಇರಲ್ಲ ಅಂತ. ಹಾಗೆ ಹೇಳೋ ಹಾಗಿದ್ರೆ ಅಪ್ಪಯ್ಯನೂ ಹೇಳ್ತಿದ್ರು.”

ನಾನು ಬೇಗ ಮುಗಿಸಬೇಕೆಂದಿದ್ದ ಕಥೆ. ಎಲ್ಫ್ ಎಂಬ ಪದವೇ ನನ್ನನ್ನು ಹೊರಗೆ ನಿಲ್ಲಿಸಿತ್ತು. ಅದನ್ನು ಓದಿದೊಡನೆ ಚೂಪು ಕಿವಿ, ಉದ್ದ ಕೂದಲು, ಬಿಲ್ಲು ಬಾಣದ ಸಿನಿಮಾ ಚಿತ್ರ ಬಂದು ಕೂರುತ್ತಿತ್ತು. ಅಮ್ಮನಿಗೆ ಅಂಥ ಚಿತ್ರ ಯಾವುದೂ ಇಲ್ಲ. ನಾನು ‘ಮೊದಲು ಅಲ್ಲಿದ್ದವರು’ ಅಂದಿದ್ದೆ, ಅವಳಿಗೆ ಹಾಗೇ ಕೇಳಿಸಿತು. 1795ರಿಂದ 1918ರವರೆಗೆ, 123 ವರ್ಷ, ಪೋಲೆಂಡ್ ಎಂಬ ದೇಶವೇ ಭೂಪಟದಲ್ಲಿ ಇರಲಿಲ್ಲ. ಮೂರು ಸಾಮ್ರಾಜ್ಯಗಳು ಹಂಚಿಕೊಂಡಿದ್ದವು. ಅಲ್ಲಿನ ಮನೆಗಳಲ್ಲಿ ಈ ಕಥೆಯನ್ನು ಹೇಗೆ ಓದಿರಬಹುದು ಎಂದು ಆ ರಾತ್ರಿ ಮಲಗಿದ ಮೇಲೆ ಬಹಳ ಹೊತ್ತು ಯೋಚಿಸಿದೆ.

ಮಾರನೇ ದಿನ ಹನಿ ಔಷಧಿ ತರಲು ಸಾಗರ ಪೇಟೆಗೆ ಹೋದಾಗ ನೆಟ್‌ವರ್ಕ್ ಸಿಕ್ಕಿತು. ‘ಸೋರ್ಡ್ ಆಫ್ ಡೆಸ್ಟಿನಿ’ಯನ್ನು ಫೋನಿಗೆ ಇಳಿಸಿಕೊಂಡೆ. ‘ದಿ ಲಾಸ್ಟ್ ವಿಶ್’ ಮತ್ತು ‘ಬ್ಲಡ್ ಆಫ್ ಎಲ್ವ್ಸ್’ ಪುಸ್ತಕಗಳನ್ನು ಇಂಗ್ಲಿಷಿಗೆ ತಂದವರು ದನುಸ್ಯಾ ಸ್ಟಾಕ್. ಇದನ್ನು ತಂದವರು ಡೇವಿಡ್ ಫ್ರೆಂಚ್. ಇಬ್ಬರ ಇಂಗ್ಲಿಷೂ ಬೇರೆ ಬೇರೆ ಲಯದ್ದು, ಅದು ಹೇಳುವಾಗ ಗೊತ್ತಾಗುತ್ತದೆ. ಫ್ರೆಂಚ್ ಅವರ ಮಾತುಕತೆಗಳು ಬಾಯಿಗೆ ಸುಲಭವಾಗಿ ಬರುತ್ತವೆ. ಅನುವಾದದಲ್ಲಿ ಕಳೆದುಹೋಗುವುದೂ ಇದೆ. ಡ್ರ್ಯಾಗನ್ ಬೇಟೆಯ ಕಥೆಯಲ್ಲಿ ಒಬ್ಬ ಚಪ್ಪಲಿ ಹೊಲೆಯುವವನು ಕುರಿಯೊಳಗೆ ವಿಷ ತುಂಬಿ ಡ್ರ್ಯಾಗನ್‌ಗೆ ತಿನ್ನಿಸುತ್ತಾನೆ. ಕ್ರಾಕೂಫ್ ನಗರದ ವಾವೆಲ್ ಗುಡ್ಡದ ಡ್ರ್ಯಾಗನ್ನನ್ನು ಗಂಧಕ ತುಂಬಿದ ಕುರಿಯಿಂದ ಕೊಂದ ಹುಡುಗನ ಕಥೆ ಪೋಲೆಂಡಿನ ಮಕ್ಕಳಿಗೆಲ್ಲ ಗೊತ್ತು. ಅವರು ಅಲ್ಲಿ ನಗುತ್ತಾರೆ, ನಾನು ಸುಮ್ಮನೆ ಮುಂದೆ ಓದಿದ್ದೆ. ಇನ್ನೊಂದು ಕಥೆ ಶುರುವಾಗುವುದೇ ಗೆರಾಲ್ಟ್ ಒಬ್ಬ ದೊರೆಗೂ ಮತ್ಸ್ಯಕನ್ಯೆಗೂ ನಡುವೆ ನಿಂತು ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸುವುದರಿಂದ. ನಾನು ಜಗಲಿಯಲ್ಲಿ ಮಾಡುತ್ತಿದ್ದದ್ದೂ ಅದೇ ಕೆಲಸ. ತುಂಬಾ ಹತ್ತಿರದವನು ಅನ್ನಿಸಿದ.

ಹೊರಡುವ ಹಿಂದಿನ ರಾತ್ರಿ ಕೊನೆಯ ಕಥೆ ‘ಸಮ್‌ಥಿಂಗ್ ಮೋರ್’. ಅದರಲ್ಲಿ ಅಮ್ಮ ಮೊದಲ ದಿನ ಕೇಳಿದ್ದ ಪ್ರಶ್ನೆಗೆ ಉತ್ತರ ಇತ್ತು. ಗಾಯವಾಗಿ ಬಿದ್ದ ಗೆರಾಲ್ಟನಿಗೆ ವೀಸೆನ್ನಾ ಎಂಬ ಹೆಂಗಸು ಔಷಧಿ ಮಾಡುತ್ತಾಳೆ. ಅವಳೇ ಅವನ ತಾಯಿ. ಅವನಿಗೆ ಗೊತ್ತಾಗುತ್ತದೆ. ಯಾಕೆ ಕೊಟ್ಟುಬಿಟ್ಟೆ ಎನ್ನುವುದಕ್ಕೆ ಅವಳು ಉತ್ತರ ಕೊಡುವುದಿಲ್ಲ, ಅವನನ್ನು ಮಲಗಿಸಿ ಹೊರಟುಹೋಗುತ್ತಾಳೆ.

ಅಮ್ಮ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. “ಏನಂತ ಹೇಳ್ತಾಳೆ ಪಾಪ” ಅಂದಳು ಅಷ್ಟೇ.

ಆಮೇಲೆ ಸಿರಿ. ಯುದ್ಧದಲ್ಲಿ ಅವಳ ಊರು ಸುಟ್ಟುಹೋಗಿದೆ. ಒಬ್ಬ ವ್ಯಾಪಾರಿಯ ಹೆಂಡತಿ, ಯಾರ ಮಗು ಎಂದೂ ಕೇಳದೆ, ಈ ಅನಾಥೆಯನ್ನು ಮನೆಗೆ ತಂದಿಟ್ಟುಕೊಂಡಿದ್ದಾಳೆ. ಆ ವ್ಯಾಪಾರಿಯ ಜೀವ ಉಳಿಸಿದ್ದ ಗೆರಾಲ್ಟ್ ಅವನ ಜೊತೆ ಆ ಮನೆಗೇ ಬರುತ್ತಾನೆ. ಹುಡುಗಿ ಅಂಗಳದಿಂದ ಓಡಿ ಬರುತ್ತಾಳೆ. ನನಗೆ ಗಂಟಲು ಕಟ್ಟಿತು. 2012ರಲ್ಲಿ ಅರವತ್ತನೇ ಪುಟಕ್ಕೆ ಬಿಟ್ಟಿದ್ದ ಆ ಚೀರಿ ಎದ್ದ ಹುಡುಗಿ ಇವಳು. ಅವಳ ಪಕ್ಕ ಅವನು ಯಾಕೆ ಕೂತಿದ್ದ ಎಂದು ಈಗ ತಿಳಿಯಿತು. ಮಾತು ನಿಂತಾಗ ಅಮ್ಮ ಕತ್ತಲಲ್ಲೇ ನನ್ನ ಕೈ ಹಿಡಿದುಕೊಂಡಳು. “ಸಿಕ್ಕಿದ್ಲಲ್ಲ” ಅಂದಳು.

ಬೆಳಗ್ಗೆ ಬಸ್ಸಿಗೆ ಹೊರಡುವಾಗ ‘ದಿ ಲಾಸ್ಟ್ ವಿಶ್’ ಎಲ್ಲಿ ಎಂದು ಹುಡುಕಿದೆ. ಅಮ್ಮನ ಮಂಚದ ತಲೆದಿಂಬಿನ ಪಕ್ಕ ಇತ್ತು. “ಬೀಜದ ಕಥೆ ಎಲ್ಲಿ ಬರುತ್ತೆ, ತೋರಿಸು” ಅಂದಳು. ಪುಟ ತೆಗೆದುಕೊಟ್ಟೆ. ಕಣ್ಣಿನ ಹನಿಯ ಹೊತ್ತು ಬರೆದಿದ್ದ ಚೀಟಿಯನ್ನು ಅಲ್ಲಿಟ್ಟು ಮುಚ್ಚಿದಳು. ನಾನು ಪುಸ್ತಕ ವಾಪಸ್ ಕೇಳಲಿಲ್ಲ.

ಈಗ ಭಾನುವಾರ ಸಂಜೆ ಫೋನಿನಲ್ಲಿ ಕಥೆ. ‘ಬ್ಲಡ್ ಆಫ್ ಎಲ್ವ್ಸ್’ ಮುಗಿಯಿತು, ‘ಟೈಮ್ ಆಫ್ ಕಂಟೆಂಪ್ಟ್’ ಮುಗಿಯಿತು. ‘ಬ್ಯಾಪ್ಟಿಸಂ ಆಫ್ ಫೈರ್’ನಲ್ಲಿ ಸಿರಿಯನ್ನು ಹುಡುಕಿಕೊಂಡು ಹೊರಟ ಐದು ಜನ ಒಟ್ಟಿಗೆ ಮೀನಿನ ಸಾರು ಬೇಯಿಸಿಕೊಂಡು ತಿಂದಾಯಿತು. ಮೀನು ಮುಟ್ಟದ ಅಮ್ಮ ಅದಕ್ಕೆ ಏನೇನು ಹಾಕಿದರು ಎಂದು ಎರಡು ಸಲ ಕೇಳಿದಳು. ಈ ವಾರ ಅವರು ಯಾರುಗಾ ನದಿ ದಾಟಬೇಕು. ಸೇತುವೆಯ ಮೇಲೆ ಯುದ್ಧ ಆಗುತ್ತದೆ. ಹೊಳೆ ದೊಡ್ಡದಾ, ದೋಣಿ ಇರಲಿಲ್ಲವಾ ಎಂದು ನಿನ್ನೆಯೇ ಫೋನ್ ಮಾಡಿ ವಿಚಾರಿಸಿದ್ದಾಳೆ.