ಬದಿಯಡ್ಕದ ಮನೆಯ ಅಲಾರಂಗೆ ಬಿದ್ದ ಬೀಗ

ದಾವಣಗೆರೆ ಬಿಟ್ಟು ಕಾಸರಗೋಡಿಗೆ ಬಂದು ನಾಲ್ಕು ವರ್ಷ ಆಯಿತು. ಬ್ಯಾಂಕ್ ಕೆಲಸ, ವರ್ಗ ಆದಲ್ಲಿಗೆ ಹೋಗಬೇಕು. ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವಿನ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಕೆಳಗೆ ಅಜ್ಜ, ಅಜ್ಜಿ ಇಬ್ಬರೇ. ಅವರವರಲ್ಲಿ ಹವ್ಯಕ ಮಾತು, ತೋಟದ ಆಳುಗಳ ಜೊತೆ ತುಳು, ನನ್ನ ಜೊತೆ ಚೆಂದದ ಕನ್ನಡ. ಅಲ್ಲಿ ಕನ್ನಡ ನಡೆಯುತ್ತಾ ಅಂತ ಊರಿನವರು ಕೇಳುತ್ತಿರುತ್ತಾರೆ. ಮನೆಯಲ್ಲಿ, ಶಾಲೆಯಲ್ಲಿ, ಯಕ್ಷಗಾನದಲ್ಲಿ ಧಾರಾಳವಾಗಿ ನಡೆಯುತ್ತದೆ. ಯಂತ್ರ ಕೆಟ್ಟು ಯಾರಿಗಾದರೂ ಫೋನ್ ಮಾಡಬೇಕಾದಾಗಲೇ ಕಷ್ಟ.

ಕೆಳಗಿನ ಮನೆಗೆ ಕಳ್ಳರ ಅಲಾರಂ ಹಾಕಿಸಿದ್ದು ದುಬೈಯಲ್ಲಿರುವ ಮಗ. ಅಟ್ಟದಲ್ಲಿ ಸುಲಿದ ಅಡಿಕೆ, ಮನೆಯಲ್ಲಿ ವಯಸ್ಸಾದವರು. ಅವನ ಚಿಂತೆ ಸಹಜವೇ. ಬಾಗಿಲಿಗೆ ಮ್ಯಾಗ್ನೆಟ್, ಹಜಾರದ ಮೂಲೆಯಲ್ಲಿ ಸೆನ್ಸರ್, ಮಾಡಿನ ಕೆಳಗೆ ಸೈರನ್, ಗೋಡೆಯ ಮೇಲೆ ನಂಬರ್ ಒತ್ತುವ ಕೀಪ್ಯಾಡ್. ರಾತ್ರಿ ಮಲಗುವ ಮುಂಚೆ ಅಜ್ಜ ಕನ್ನಡಕ ಹಾಕಿಕೊಂಡು ನಾಲ್ಕು ಅಂಕಿ ಒತ್ತುತ್ತಿದ್ದರು. ದೇವರ ದೀಪ ಸಣ್ಣದು ಮಾಡಿದ ಹಾಗೆ ಅದೂ ದಿನದ ಒಂದು ಕೆಲಸ.

ಮಳೆಗಾಲದ ಒಂದು ರಾತ್ರಿ ಅಜ್ಜ ಮೆಟ್ಟಿಲ ಕೆಳಗಿನಿಂದ ಕರೆದರು. ಹೋಗಿ ನೋಡಿದರೆ ಕೀಪ್ಯಾಡಿನಲ್ಲಿ ಇಂಗ್ಲಿಷಿನ ಒಂದು ಸಾಲು, ಸರ್ವಿಸ್ ಬಾಕಿ ಇದೆ ಅಂತ. ಕೋಡ್ ಒತ್ತಿದರೆ ಬೀಪ್ ಅನ್ನುತ್ತದೆ, ಅಲಾರಂ ಸೆಟ್ ಆಗುವುದಿಲ್ಲ. "ನಾನು ಎಂತಾದರೂ ತಪ್ಪು ಒತ್ತಿದೆನಾ ಮಾರಾಯ್ರೇ?" ಅಂತ ಅಜ್ಜ ಕೇಳಿದರು. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಅವರು ಒತ್ತಿದ್ದು ಸರಿಯಾಗಿಯೇ ಇತ್ತು.

ಮರುದಿನ ಅಲಾರಂ ಹಾಕಿದವರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟು. ವರ್ಷದ ಸರ್ವಿಸ್ ಕರಾರು ಮುಗಿದಿದೆ, 6,500 ರೂಪಾಯಿ ಕಟ್ಟಿ ನವೀಕರಿಸಿ, ಆಮೇಲೆ ನಾವು ಬಂದು ಸರಿಮಾಡಿಕೊಡುತ್ತೇವೆ. ಕೆಟ್ಟಿರುವುದು ಏನು ಅಂದರೆ ಉತ್ತರ ಇಲ್ಲ. ಯಾಕೆಂದರೆ ಏನೂ ಕೆಟ್ಟಿರಲಿಲ್ಲ.

ಇಂಥ ಅಲಾರಂನ ಪ್ಯಾನೆಲ್‌ಗೆ, ಅಂದರೆ ಮುಖ್ಯ ಡಬ್ಬಿಗೆ, ಎರಡು ಥರದ ಕೋಡ್ ಇರುತ್ತದೆ. ಮನೆಯವರದು ಆನ್, ಆಫ್ ಮಾಡಲಿಕ್ಕೆ. ಇನ್ನೊಂದು ಇನ್‌ಸ್ಟಾಲರ್ ಕೋಡ್, ಅಂದರೆ ಹಾಕಿದವರದು, ಒಳಗಿನ ಎಲ್ಲ ಸೆಟ್ಟಿಂಗ್ ಅದರ ಕೈಯಲ್ಲಿ. ಇಷ್ಟು ತಿಂಗಳಾದ ಮೇಲೆ ಸರ್ವಿಸ್ ನೆನಪಿಸು ಅಂತ ಅದರಲ್ಲೇ ಹಾಕಿಡಬಹುದು. ನೆನಪಿಸುವುದು ಬೇರೆ, ಕೆಲಸವನ್ನೇ ನಿಲ್ಲಿಸುವುದು ಬೇರೆ ಅಲ್ವಾ? ಪೇಟೆಯಿಂದ ಒಬ್ಬ ಎಲೆಕ್ಟ್ರಿಷಿಯನ್ ಬಂದು ಡಬ್ಬಿ ಬಿಚ್ಚಿದ. ಕರೆಂಟನ್ನೂ ಹಳೆಯ 12 ವೋಲ್ಟ್ ಬ್ಯಾಟರಿಯ ತಂತಿಯನ್ನೂ ತೆಗೆದು ಮತ್ತೆ ಕೊಟ್ಟ. ಒಳಗಿಂದ ಟಕ್‌ಟಕ್ ಸದ್ದು. "ಲಾಕ್ ಮಾಡಿದ್ದಾರೆ" ಅಂದ. ಕಂಪನಿಯಿಂದ ಬಂದ ಮೂಲ ಸ್ಥಿತಿಗೂ ಮರಳಿಸಲು ಆಗದ ಹಾಗೆ ಆ ಕೋಡಿನಿಂದಲೇ ಕಟ್ಟಿಬಿಟ್ಟಿದ್ದರು. ಬೋರ್ಡನ್ನೇ ಬದಲಿಸಬೇಕಂತೆ.

ಇನ್‌ಸ್ಟಾಲರ್ ಕೋಡ್ ಇರುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಗೊತ್ತಿಲ್ಲದವರು ಒಳಗಿನದು ಮುಟ್ಟಿದರೆ ಸೆನ್ಸರ್ ಸುಮ್ನೆ ಕೂತುಬಿಡಬಹುದು. ಬ್ರಿಟನ್ನಿನಲ್ಲಿ ಪೊಲೀಸರಿಗೆ ಸುದ್ದಿ ಹೋಗುವಂಥ ಅಲಾರಂ ಕೂಗಿದ ಮೇಲೆ ಎಂಜಿನಿಯರೇ ರೀಸೆಟ್ ಮಾಡಬೇಕಾದ ಪದ್ಧತಿ ಇದೆ. ಸುಳ್ಳು ಕೂಗಿಗೆ ಪೊಲೀಸರು ಓಡಾಡಬಾರದು ಅಂತ. ಅಲ್ಲಿ ಒಂದು ಕಾರಣ ಇದೆ. ಇಲ್ಲಿ ದುಡ್ಡು ಬರಲಿಲ್ಲ ಅನ್ನುವುದು ಬಿಟ್ಟರೆ ಏನಿದೆ?

ನಾನು ಬ್ಯಾಂಕಿನವನು, ಲಾಕರ್ ನೋಡಿಕೊಂಡವನು. ಲಾಕರ್‌ಗೆ ನಮ್ಮದೊಂದು ಕೀಲಿ, ಗ್ರಾಹಕರದೊಂದು. ಬಾಡಿಗೆ ಕಟ್ಟಲಿಲ್ಲ ಅಂತ ನಾವು ನಾಳೆಯೇ ಒಡೆಯಲು ಬರುವುದಿಲ್ಲ. ಸತತ ಮೂರು ವರ್ಷ ಬಾಡಿಗೆ ಬಾಕಿ ಇರಬೇಕು. ನೋಟಿಸ್ ಕೊಡಬೇಕು. ಒಡೆಯುವಾಗ ಸಾಕ್ಷಿಗಳು ಇರಬೇಕು. ಲಾಕರ್ ಬ್ಯಾಂಕಿನದೇ ಆದರೂ ರಿಸರ್ವ್ ಬ್ಯಾಂಕ್ ಇಷ್ಟು ಬಿಗಿ ಮಾಡಿದೆ. ಅಜ್ಜನ ಅಲಾರಂ ಅಜ್ಜನದೇ, ಪೂರ್ತಿ ದುಡ್ಡು ಕೊಟ್ಟು ಕೊಂಡದ್ದು. ಅದಕ್ಕೆ ಒಂದು ಪತ್ರವಿಲ್ಲ, ಒಂದು ಫೋನಿಲ್ಲ. ಮಳೆಗಾಲದ ರಾತ್ರಿ, ಅವರು ಓದಲಾರದ ಭಾಷೆಯಲ್ಲಿ ಒಂದು ಸಾಲು. ಆ ವಾರ ಪುತ್ತೂರಿನಲ್ಲಿ ಮೊಮ್ಮಗನ ಉಪನಯನ ಇತ್ತು. ಮನೆ ಬಿಟ್ಟು ಹೋಗಲು ಧೈರ್ಯ ಸಾಲದೆ ಅಜ್ಜಿ ಉಳಿದರು. 6,500ಕ್ಕಿಂತ ನನಗೆ ಅದೇ ಜಾಸ್ತಿ ಅನಿಸಿತು.

ಒಂದನ್ನು ಕೊಳ್ಳಬೇಕಾದರೆ ಇನ್ನೊಂದು ಸೇವೆಯನ್ನೂ ಕೊಳ್ಳಲೇಬೇಕು ಅಂತ ಕಟ್ಟುಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿಯಲ್ಲಿ ಸೇರಿಸಿದೆ. ನಮ್ಮ ವಿಷಯ ಅದರೊಳಗೆ ಬರುತ್ತದೆ ಅಂತಲೇ ನನ್ನ ನಂಬಿಕೆ. ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಮೊದಲು 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆವು. ಹಾಕಿದವರಿಗೂ ಪತ್ರ ಬರೆದೆವು. ಅಜ್ಜ ಹೇಳುತ್ತಾ ಹೋದರು, ನಾನು ಬರೆದೆ. ಒಂದು ಸಾಲು ಅವರೇ ಸೇರಿಸಿದರು: "ಮನೆ ನಮ್ಮದು, ಕೋಡು ನಮಗೆ ಕೊಡಿ."

ಊರಲ್ಲಿ ಅಪ್ಪ ಅಮ್ಮನ ಮನೆಗೆ ಇಂಥದ್ದು ಹಾಕಿಸುವವರಿದ್ದರೆ, ಕೊನೆಯ ಕಂತು ಕೊಡುವ ಮುಂಚೆ ಕೇಳಿ. ಕರಾರು ಮುಗಿದರೆ ಇನ್‌ಸ್ಟಾಲರ್ ಕೋಡ್ ಯಾರ ಕೈಗೆ ಬರುತ್ತದೆ? ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಎಲೆಕ್ಟ್ರಿಷಿಯನ್ ಶನಿವಾರ ಹೊಸ ಬೋರ್ಡ್ ತರುತ್ತಾನೆ. ಎರಡೂ ಕೋಡ್ ಬರೆದುಕೊಡಲು ಒಪ್ಪಿದ್ದಾನೆ. ಕನ್ನಡ ಅಂಕಿಯಲ್ಲೇ ಬರೆಯಬೇಕು ಅಂತ ಅಜ್ಜ ಈಗಲೇ ಹೇಳಿಟ್ಟಿದ್ದಾರೆ.